ಬೆನ್ನಿಗೆ ಹಿತವಾದ ಕುರ್ಚಿ

ಬಾಗಿಲ ಮೇಲಿನ ಹೊಸ ಬೋರ್ಡಿನ ಬಣ್ಣ ಇನ್ನೂ ಆರಿರಲಿಲ್ಲ. ‘ಮಾವ ಮತ್ತು ಅಳಿಯ, ಖಾಸಗಿ ಪತ್ತೇದಾರರು’ ಎಂದು ಬರೆದದ್ದನ್ನು ಓದಿ ಪೆಟ್ಟಿಗಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಅಳಿಯನಂತೆ ಅಳಿಯ! ಕೊಂಬು ಕೂಡ ಸರಿಯಾಗಿ ಮೂಡದ, ಕಳ್ಳನ ಹೆಜ್ಜೆಗುರುತಿನ ಮೇಲೆ ತಾನೇ ಕಾಲಿಟ್ಟು ಅಳಿಸಿಹಾಕುವ ಗೂಳಿ ಸಾಹೇಬನ ಆ ದಡ್ಡ ಸೋದರಳಿಯ! ಬೋರ್ಡಿನ ಮೇಲೆ ಎರಡನೆಯ ಹೆಸರು ನಿನ್ನದೇ ಕಣೋ ಎಂದು ಗೂಳಿ ಸಾಹೇಬ ವರ್ಷಗಟ್ಟಲೆ ಪೆಟ್ಟಿಗಣ್ಣನ ಮೂಗಿಗೆ ತುಪ್ಪ ಸವರುತ್ತ ಬಂದಿದ್ದ.

ಪೆಟ್ಟಿಗಣ್ಣನ ಕುಲದವರು ಮನಸ್ಸು ಮಾಡಿದರೆ ಯಾವ ಸಾಮಾನಿನ ರೂಪವನ್ನಾದರೂ ತಾಳಬಲ್ಲವರು. ಅವನ ಅಪ್ಪ, ಅಜ್ಜ ಎಲ್ಲರೂ ಗುಹೆಗಳಲ್ಲಿ ನಿಧಿಪೆಟ್ಟಿಗೆಗಳಾಗಿ ಕುಳಿತು, ಮುಚ್ಚಳ ತೆಗೆಯಲು ಬಂದ ವೀರರ ಕೈ ಕಚ್ಚಿ ಮರ್ಯಾದೆಯಿಂದ ಬಾಳಿದ್ದರು. ಕತ್ತಿ ಹಿಡಿದ ವೀರರು ಬರುವುದು ನಿಂತ ಮೇಲೆ ಗುಹೆಯವರಿಗೆಲ್ಲ ಹೊಟ್ಟೆಪಾಡು ಕಷ್ಟವಾಗಿ ಒಬ್ಬೊಬ್ಬರೇ ಪಟ್ಟಣ ಸೇರಿಕೊಂಡರು. ಸುರಂಗ ಕಾಯುತ್ತಿದ್ದ ಗೂಳಿತಲೆಯ ದೈತ್ಯ ಟೋಪಿಗೆ ಎರಡು ತೂತು ಕೊರೆಸಿ, ಕೊಂಬು ತೂರಿಸಿಕೊಂಡು ಪತ್ತೇದಾರನಾದ. ಪೆಟ್ಟಿಗಣ್ಣ ಅವನ ಸಹಾಯಕನಾದ.

ಸಹಾಯಕ ಎಂಬುದು ಹೆಸರಿಗೆ ಮಾತ್ರ. ಮೋಸಗಾರರ ಮನೆಯಲ್ಲಿ ಕಪಾಟಾಗಿ ನಿಂತು, ಮೈಮೇಲೆ ಇಸ್ತ್ರಿ ಬಟ್ಟೆ ಹೇರಿಸಿಕೊಂಡು ಗುಟ್ಟು ಕೇಳಿಸಿಕೊಂಡವನು ಪೆಟ್ಟಿಗಣ್ಣ. ಪತ್ರಿಕೆಯಲ್ಲಿ ಫೋಟೊ ಬಂದದ್ದು ಗೂಳಿ ಸಾಹೇಬನದು. ಕೆಲಸವಿಲ್ಲದ ದಿನವೂ ಸಾಹೇಬ ಪೆಟ್ಟಿಗಣ್ಣನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಚಳಿಗಾಲ ಬಂತೆಂದರೆ ತನ್ನ ಮರದ ಕುರ್ಚಿಯನ್ನು ಮೂಲೆಗೆ ತಳ್ಳಿ, ಸಹಾಯಕನನ್ನೇ ಕುರ್ಚಿಯಾಗಿಸಿಕೊಂಡು ದಿನವಿಡೀ ಅವನ ಮೇಲೆ ಕೂರುತ್ತಿದ್ದ.

“ಬೆನ್ನಿಗೆ ಏನು ಹಿತವಾಗಿರ್ತೀಯೋ ನೀನು,” ಎನ್ನುತ್ತಿದ್ದ.

ತನ್ನ ಬೆನ್ನೊರಗಿನ ಬಾಗು, ಕೈಗಳ ನುಣುಪು ಅಂಥದ್ದು ಎಂದು ಪೆಟ್ಟಿಗಣ್ಣನಿಗೆ ಒಳಗೊಳಗೇ ಜಂಬ. ಬೇಸಿಗೆಯಲ್ಲಿ ಅದೇ ಗೂಳಿ ಅವನತ್ತ ಕಣ್ಣೆತ್ತಿಯೂ ನೋಡದೆ ಹಳೆಯ ಮರದ ಕುರ್ಚಿಗೇ ಹೋಗುತ್ತಿದ್ದುದು ಮಾತ್ರ ಅವನಿಗೆ ಅರ್ಥವಾಗಿರಲಿಲ್ಲ. ಒಳ್ಳೆಯ ಕೆಲಸದ ಬೆಲೆ ತಿಳಿಯದ ಪ್ರಾಣಿ ಎಂದುಕೊಂಡು ಸುಮ್ಮನಾಗುತ್ತಿದ್ದ. ಈಗ ಬೋರ್ಡು ಓದಿದ ಮೇಲೆ ಸುಮ್ಮನಾಗುವ ಮಾತೇ ಇರಲಿಲ್ಲ. ಗೂಳಿ ಸಾಯಬೇಕು. ದಡ್ಡ ಅಳಿಯ ಒಂದು ತಿಂಗಳೊಳಗೆ ಅಂಗಡಿ ಮುಚ್ಚಲು ಹೊರಟಾಗ ಬೋರ್ಡು ತಾನಾಗಿ ತನ್ನದಾಗುತ್ತದೆ.

ಯೋಜನೆ ಎಷ್ಟು ಚೊಕ್ಕವಾಗಿತ್ತೆಂದರೆ ಅದನ್ನು ಯಾರಿಗೂ ಹೇಳಿಕೊಳ್ಳಲಾಗದಲ್ಲ ಎಂಬುದೊಂದೇ ಅವನ ಸಂಕಟ. ಗೂಳಿ ಸಾಹೇಬ ಮಧ್ಯಾಹ್ನ ಊಟ ಮಾಡಿ ಬಂದು, ಒಳಗಿನಿಂದ ಚಿಲಕ ಹಾಕಿಕೊಂಡು ಕುರ್ಚಿಯಲ್ಲೇ ನಿದ್ದೆ ತೆಗೆಯುತ್ತಾನೆ. ಕಿಟಕಿಗೆ ಕಬ್ಬಿಣದ ಸರಳು. ಅಂಥ ಕೋಣೆಯಲ್ಲಿ ಕೊಲೆ ಮಾಡಿ ಹೊರಗೆ ಹೋಗಲು ದೆವ್ವಕ್ಕಷ್ಟೇ ಸಾಧ್ಯ. ಆ ದೆವ್ವವೂ ಗೋಡೆಯಾಚೆಗೇ ಇತ್ತು. ಪಕ್ಕದ ಕೋಣೆಯ ದೆವ್ವದಜ್ಜನಿಗೂ ಗೂಳಿಗೂ ಗೊರಸಿನ ಸದ್ದಿನ ವಿಚಾರದಲ್ಲಿ ನಿತ್ಯ ಜಗಳ. ಮೊನ್ನೆ ಮೆಟ್ಟಿಲ ಮೇಲೆ ಹತ್ತು ಜನರೆದುರು ಅಜ್ಜ, ನಿನ್ನ ಉಸಿರು ನಿಲ್ಲಿಸದೆ ಬಿಡಲ್ಲ ಎಂದು ಕೂಗಾಡಿದ್ದ. ಸಿಟ್ಟು ಬಂದರೆ ಪಾತ್ರೆಪಗಡ ಎಸೆಯುವ ದೆವ್ವಕ್ಕೆ ಗೂಳಿಯ ಕೊರಳಿನ ಮಫ್ಲರ್ ಬಿಗಿಯುವುದೇನು ಮಹಾ?

ಇನ್ನು ಉಳಿದದ್ದು ಇನ್‌ಸ್ಪೆಕ್ಟರಮ್ಮ. ಅವಳು ಉಡದ ಕುಲದವಳು, ತಣ್ಣನೆ ರಕ್ತದವಳು. ಹೊರಗಿನ ಬಿಸಿ ತಾಗಿದರಷ್ಟೇ ಅವಳ ಮೈಯೂ ತಲೆಯೂ ಓಡುವುದು. ಬೇಸಿಗೆಯಲ್ಲಿ ಅವಳ ಕೈಗೆ ಸಿಕ್ಕವನು ಉಳಿದದ್ದಿಲ್ಲ. ಚಳಿಗಾಲದಲ್ಲಿ ಠಾಣೆಯ ಒಲೆಗೆ ಆತುಕೊಂಡು ತೂಕಡಿಸುತ್ತ, ಎದುರಿಗೆ ಕಂಡವನನ್ನೇ ಅಪರಾಧಿ ಎಂದು ಬರೆದು ಮುಗಿಸುತ್ತಾಳೆ ಎಂದು ಪೊಲೀಸರೇ ನಗುತ್ತಿದ್ದರು. ಆದ್ದರಿಂದ ಪೆಟ್ಟಿಗಣ್ಣ ಚಳಿ ಹೆಚ್ಚಲಿ ಎಂದು ಕಾದ. ಕೆಲಸ ಮುಗಿದ ಕೂಡಲೇ ಸಾಹೇಬನ ಕೋಣೆಯ ಒಲೆಗೆ ನೀರು ಸುರಿದು ಕಿಟಕಿ ತೆರೆದಿಡಬೇಕು. ದೆವ್ವ ಓಡಾಡಿದ ಕಡೆ ಕೊರೆಯುವ ಚಳಿ ಇರುತ್ತದೆಂಬುದು ಯಾರಿಗೆ ಗೊತ್ತಿಲ್ಲ? ಆ ಚಳಿ ಅಜ್ಜನ ಮೇಲೆ ಬೆರಳು ತೋರಿಸುತ್ತದೆ, ಇನ್‌ಸ್ಪೆಕ್ಟರಮ್ಮನ ತಲೆಯನ್ನೂ ಮರಗಟ್ಟಿಸುತ್ತದೆ. ಇದು ಹೊಳೆದ ದಿನ ಪೆಟ್ಟಿಗಣ್ಣ ತನ್ನ ಬುದ್ಧಿಗೆ ತಾನೇ ಮರುಳಾದ.

ಹೊಂಚುಹಾಕಲು ಬಂದರಿನ ಗೋದಾಮಿಗೆ ಹೋಗುತ್ತೇನೆ, ಅಲ್ಲಿ ಪೀಪಾಯಿಗಳ ನಡುವೆ ಪೀಪಾಯಿಯಾಗಿ ನಿಂತಿರುತ್ತೇನೆ ಎಂದು ಅವನು ಎಲ್ಲರಿಗೂ ಕೇಳಿಸುವಂತೆ ಹೇಳಿ ಹೊರಟ. ಅಲ್ಲಿರುವ ನೂರಾರು ಪೀಪಾಯಿಗಳಲ್ಲಿ ಇವನಿರಲಿಲ್ಲ ಎಂದು ಆಣೆ ಮಾಡುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಗೂಳಿ ಊಟಕ್ಕೆ ಹೋದ ಹೊತ್ತಿನಲ್ಲಿ ಹಿಂತಿರುಗಿ, ಮರದ ಕುರ್ಚಿಯನ್ನು ತಾರಸಿಯ ಗುಜರಿಯೊಳಗೆ ತುರುಕಿ, ಅದರ ಜಾಗದಲ್ಲಿ ತಾನು ನಿಂತ. ಎಡಗೈಯ ಸಿಗರೇಟಿನ ಸುಟ್ಟ ಗುರುತು, ಹಿಂಗಾಲಿನ ಗೀರು, ಸೀಟಿನ ಅಂಚಿನಲ್ಲಿ ಎದ್ದ ಚಕ್ಕೆ, ಯಾವುದನ್ನೂ ಬಿಡಲಿಲ್ಲ. ಹಳೆಯ ಪಾಲಿಷಿನ ವಾಸನೆಯನ್ನೂ ಹಿಡಿದ. ಆ ಕುರ್ಚಿ ಮಾಡಿದ ಬಡಗಿಯೇ ಬಂದರೂ ಮೋಸಹೋಗಬೇಕು.

ಸಾಹೇಬ ಬಂದ. ಚಿಲಕ ಹಾಕಿದ. ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿ, ಉಸ್ಸೆಂದು ಕೂತು ಬೆನ್ನು ಒರಗಿಸಿದ. ಮರುಕ್ಷಣ ಅವನ ಕಿವಿಗಳು ನಿಮಿರಿದವು.

“ನೀನು ಬಂದರಿಗೆ ಹೋಗಿಲ್ವೇನೋ?”

ಇವನಿಗೆ ಹೇಗೆ ತಿಳಿಯಿತು? ಪೆಟ್ಟಿಗಣ್ಣನಿಗೆ ಯೋಚಿಸಲು ಪುರುಸೊತ್ತಿರಲಿಲ್ಲ. ಕುರ್ಚಿಯ ಎರಡು ಕೈಗಳು ಮುಚ್ಚಿಕೊಂಡು ಗೂಳಿಯ ತೋಳುಗಳನ್ನು ಅಮುಕಿದವು. ಒರಗಿನಿಂದ ಇನ್ನೆರಡು ಕೈಗಳು ಮೂಡಿ ಮಫ್ಲರಿನ ತುದಿಗಳನ್ನು ಹಿಡಿದೆಳೆದವು. ಗೊರಸುಗಳು ನೆಲಕ್ಕೆ ಬಡಿದವು. ಸದ್ದು ತಾಳಲಾರದೆ ದೆವ್ವದಜ್ಜ ಗೋಡೆಯಾಚೆಯಿಂದ ಬೈಯತೊಡಗಿದ. ಬೈಗುಳ ಇನ್ನೂ ನಡೆದಿರುವಾಗಲೇ ಗೊರಸುಗಳು ಸುಮ್ಮನಾದವು. ಇಷ್ಟು ವರ್ಷ ಹೊತ್ತ ಭಾರವನ್ನು ನೆಲಕ್ಕೆ ಉರುಳಿಸಿದಾಗ ಪೆಟ್ಟಿಗಣ್ಣನಿಗೆ ಮರುಕವೇನೂ ಆಗಲಿಲ್ಲ. ಬೆನ್ನು ಹಗುರಾಯಿತು, ಅಷ್ಟೇ. ಸತ್ತವನ ಕೊನೆಯ ಪ್ರಶ್ನೆ ಮಾತ್ರ ಹಲ್ಲಿನ ಸಂದಿಯ ಚೂರಿನ ಹಾಗೆ ಸ್ವಲ್ಪ ಹೊತ್ತು ಕಾಡಿತು. ಪತ್ತೇದಾರನ ಮೂಗಲ್ಲವೇ, ಏನೋ ವಾಸನೆ ಹಿಡಿದಿರಬೇಕು ಎಂದುಕೊಂಡು ಒಲೆ ಆರಿಸಿದ, ಕಿಟಕಿ ತೆರೆದ, ಮತ್ತೆ ಕುರ್ಚಿಯಾಗಿ ನಿಂತ.

ಸಂಜೆಯಾಗುತ್ತಲೇ ಎಲ್ಲವೂ ಅವನು ಬರೆದಿಟ್ಟ ನಾಟಕದಂತೆ ನಡೆಯಿತು. ಅಳಿಯ ಬಾಗಿಲು ಬಡಿದು, ಕೂಗಿ, ಕೊನೆಗೆ ಒಡೆದು ಒಳಗೆ ಬಂದ. ಮಾವನ ಕಾಲು ಹಿಡಿದು ಅತ್ತ. ಇನ್‌ಸ್ಪೆಕ್ಟರಮ್ಮ ಎರಡು ಶಾಲು ಹೊದ್ದು, ಬಾಲಕ್ಕೂ ಉಣ್ಣೆಯ ಚೀಲ ಹಾಕಿಕೊಂಡು ಬಂದಳು. ಕಣ್ಣು ಅರ್ಧ ಮುಚ್ಚಿತ್ತು, ಮಾತು ತೆವಳುತ್ತಿತ್ತು. ಚಿಲಕ ನೋಡಿದಳು, ಸರಳು ನೋಡಿದಳು. ಅಬ್ಬಾ ಎಂಥ ಚಳಿ, ಇದು ದೆವ್ವದ ಕೆಲಸವೇ ಎಂದು ಪೇದೆ ತಾನಾಗಿಯೇ ಹೇಳಿದ. ಪೆಟ್ಟಿಗಣ್ಣನಿಗೆ ಅವನನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು.

ದೆವ್ವದಜ್ಜನನ್ನು ಗೋಡೆಯಾಚೆಯಿಂದ ಕರೆಸಿದರು. ಪೇದೆ ದೆವ್ವ ಹಿಡಿಯುವ ಸೀಸೆಯ ಬಿರಡೆ ತೆಗೆದ. ಅದರೊಳಗೆ ಹೋದವರು ಮತ್ತೆ ಹೊರಗೆ ಬಂದದ್ದಿಲ್ಲ.

“ಬಾಯಿಗೆ ಬಂದಿದ್ದು ಅಂದೆ ಕಣಮ್ಮ,” ಎಂದ ಅಜ್ಜ. ಮೊದಲಿಗಿಂತಲೂ ತೆಳ್ಳಗಾಗಿದ್ದ. “ಅವನೊಬ್ಬನೇ ನನ್ನ ಜೊತೆ ದಿನಾ ಮಾತಾಡ್ತಿದ್ದಿದ್ದು. ಅವನನ್ನ ಕೊಂದು ನಾನು ಯಾರ ಹತ್ರ ಜಗಳ ಆಡಲಿ?”

ಇನ್‌ಸ್ಪೆಕ್ಟರಮ್ಮ ನಿಲ್ಲಲಾರದೆ ಹಲ್ಲು ಕಟಕಟಿಸುತ್ತ ಬಂದು ಕುರ್ಚಿಯಲ್ಲಿ ಕುಸಿದಳು. ಪೆಟ್ಟಿಗಣ್ಣನಿಗೆ ನಗು ತಡೆಯುವುದೇ ಕಷ್ಟವಾಯಿತು. ಕೊಲೆಗಾರನನ್ನು ಹುಡುಕಲು ಬಂದವಳು ಕೊಲೆಗಾರನ ತೊಡೆಯ ಮೇಲೇ ಕೂತಿದ್ದಾಳೆ! ಇವರೆಲ್ಲ ಅಜ್ಜನನ್ನು ಸೀಸೆಗೆ ತುಂಬಿಕೊಂಡು ಹೊರಡಲಿ. ಒಡೆದ ಬಾಗಿಲಿನಿಂದ ತಾನು ರಾಜನ ಹಾಗೆ ನಡೆದುಹೋಗಬಹುದು. ಉಸಿರು ಬಿಗಿಹಿಡಿದು, ಮರಕ್ಕಿಂತ ಮರವಾಗಿ ನಿಂತ.

ಪೇದೆ ಸೀಸೆಯನ್ನು ಅಜ್ಜನ ಹತ್ತಿರ ಒಯ್ದ. ಇನ್‌ಸ್ಪೆಕ್ಟರಮ್ಮನ ಹಲ್ಲು ಕಟಕಟಿಸುವುದು ನಿಂತಿತು. ಅವಳು ಒಂದು ಶಾಲು ತೆಗೆದು ಮೇಜಿನ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ ತೆಗೆದಳು. ಅರ್ಧ ಮುಚ್ಚಿದ್ದ ಕಣ್ಣು ಪೂರ್ತಿ ತೆರೆಯಿತು.

“ತಡಿ,” ಎಂದಳು ಪೇದೆಗೆ. ದನಿಯಲ್ಲಿ ಬೇಸಿಗೆಯ ಚುರುಕಿತ್ತು.

ಒಲೆ ಆರಿ ಎಷ್ಟು ಹೊತ್ತಾಗಿರಬಹುದೆಂದು ಅವಳು ಅಳಿಯನನ್ನು ಕೇಳಿದಳು. ಅವನು ಕಣ್ಣೊರೆಸಿಕೊಂಡು ಬೂದಿಗೆ ಕೈಯಿಟ್ಟು ನೋಡಿ, ಮಧ್ಯಾಹ್ನವೇ ಆರಿರಬೇಕು, ಇದರಲ್ಲಿನ ನೀರೂ ಮಂಜುಗಡ್ಡೆಯಾಗಿದೆ ಎಂದ. ಅವಳು ಕೈಗವಸುಗಳನ್ನು ಕಳಚಿ, ಕುರ್ಚಿಯ ಎರಡು ಕೈಗಳ ಮೇಲೆ ತನ್ನ ಅಂಗೈಗಳನ್ನು ಮೆಲ್ಲಗೆ ಆಡಿಸಿದಳು. “ಹಾಗಾದ್ರೆ ಈ ಕುರ್ಚಿ ಯಾಕಪ್ಪ ಇಷ್ಟು ಬೆಚ್ಚಗಿದೆ?” ಗೂಳಿ ಸಾಹೇಬ ಚಳಿಗಾಲದಲ್ಲಿ ಮಾತ್ರ ತನ್ನ ಮೇಲೆ ಯಾಕೆ ಕೂರುತ್ತಿದ್ದ, ಬೆನ್ನಿಗೆ ಹಿತವಾಗಿದ್ದದ್ದು ಏನು ಎಂಬುದು ಪೆಟ್ಟಿಗಣ್ಣನಿಗೆ ಆಗ ತಿಳಿಯಿತು; ತಿಳಿದ ಕೂಡಲೇ ಅವನ ಮೈ ಬೆವರಿತು, ಪಾಲಿಷಿನ ಮೇಲೆ ಹನಿಗಳು ಮೂಡಿದವು. ಇನ್‌ಸ್ಪೆಕ್ಟರಮ್ಮ ಎದ್ದೇಳಲಿಲ್ಲ. ಇನ್ನಷ್ಟು ಒರಗಿಕೊಂಡು, ಬಾಲವನ್ನು ಕುರ್ಚಿಯ ಕಾಲುಗಳಿಗೆ ಬಿಗಿಯಾಗಿ ಸುತ್ತಿ, “ಸೀಸೆ ಮುಚ್ಚಿಡು,” ಎಂದಳು ಪೇದೆಗೆ. “ಹಗ್ಗ ತಗೊಂಡು ಬಾ.”