ತಟ್ಟೆಯಲ್ಲಿ ಉಳಿದ ಪ್ರಸಾದ

"ನೂರಾ ಮೂವತ್ತೊಂದು... ಏಳ್ನೂರು!"

ತೂಕ ಕೂಗುವ ಹೊನ್ನಯ್ಯನ ಕಂಠ ಮಂಡಿಯ ತಗಡಿನ ಸೂರಿಗೆ ಬಡಿದು ಬೀದಿಯವರೆಗೂ ಕೇಳಿಸಿತು.

ಕೊಬ್ಬರಿ ಚೀಲ ತೂಗುವ ಕಬ್ಬಿಣದ ಹಲಗೆಯ ಮೇಲೆ ನಿಂತಿದ್ದ ಸಿರಿಯ ಕಿವಿ ಕೆಂಪಾಯಿತು. ಅಷ್ಟರಲ್ಲಿ ಚೀಲಗಳ ರಾಶಿಯ ಹಿಂದಿನಿಂದ ಹಮಾಲಿಯೊಬ್ಬ, ನೋಡದೆಯೇ ಕೂಗಿದ.

"ಮೂರು ಚೀಲ ಒಟ್ಟಿಗೇ ಇಕ್ಬಿಟ್ಯೇನ್ಲಾ ಹೊನ್ನಯ್ಯ?"

ಆಮೇಲೆ ಇಣುಕಿ ನೋಡಿದ. ನಾಲಿಗೆ ಕಚ್ಚಿಕೊಂಡ. ಆದರೆ ಅವನ ಪಕ್ಕದವನಿಗೆ ನಗು ತಡೆಯಲಾಗಲಿಲ್ಲ...

ಸಿರಿ ಕೆಳಗಿಳಿದಳು. ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ, ಏದುಸಿರು ಬಿಡುತ್ತಾ, ಆಟೋ ನಿಂತಿದ್ದ ಕಡೆಗೆ ಹೆಜ್ಜೆ ಹಾಕಿದಳು. ಓಡಬೇಕೆಂದಿತ್ತು. ಓಡಲು ಮಂಡಿನೋವು ಬಿಡಬೇಕಲ್ಲ!

"ಸಿರಿ ಅವರೇ, ಒಂದ್ನಿಮಿಷ! ನಿಂತ್ಕೊಳ್ಳಿ!"

ಹಿಂದೆಯೇ ಓಡಿ ಬಂದವನು ಮಂಡಿಯ ಯಜಮಾನ ಚನ್ನೇಶ್. ಸಿರಿಯ ತಂದೆ ಜಯದೇವಪ್ಪನವರು ವರ್ಷಾನುಗಟ್ಟಲೆಯಿಂದ ಬಾಣಾವರದ ತೋಟದ ಕೊಬ್ಬರಿಯನ್ನು ಹಾಕುತ್ತಿದ್ದುದು ಇವನ ಮಂಡಿಗೇ. ಆ ಧೈರ್ಯದಿಂದಲೇ ಅವಳು ಹಿಂದಿನ ದಿನ ಫೋನು ಮಾಡಿ, ನಾಚಿಕೆ ಬಿಟ್ಟು ಕೇಳಿದ್ದಳು.

ಬೊಜ್ಜು ಕರಗಿಸುವ ಆಪರೇಷನ್ನಿಗೆ ಹೆಸರು ಬರೆಸಿದ್ದಾಯಿತು. ಅದಕ್ಕೆ ಮುಂಚೆ ಎರಡು ತಿಂಗಳು ಪಥ್ಯ ಮಾಡಿ, ವಾರವಾರ ತೂಕ ಬರೆದು ಕಳಿಸಬೇಕೆಂದು ಹಾಸನದ ವೈದ್ಯರು ಹೇಳಿದ್ದರು. ಮನೆಯ ತೂಕದ ಮೆಷಿನ್ನು ನೂರಾ ಇಪ್ಪತ್ತಕ್ಕೇ ಕೈಚೆಲ್ಲಿ ಕೂರುತ್ತಿತ್ತು. 'ಬೆಳಿಗ್ಗೆ ಆರಕ್ಕೇ ಬನ್ನಿ, ಯಾರೂ ಇರಲ್ಲ' ಎಂದಿದ್ದ ಚನ್ನೇಶ್.

"ತಪ್ಪಾಯ್ತು ಕಣ್ರೀ," ಎಂದ ಈಗ. ಅವನ ಮುಖ ಬಿಳಿಚಿತ್ತು. "ಲೋಡು ಬಂದಿತ್ತು, ಇವರು ಬೇಗ ಬಂದ್ಬಿಟ್ಟಿದ್ರು. ತೂಕ ಕೂಗಿ ಹೇಳ್ದೆ ಇದ್ರೆ ರೈತರು ನಂಬಲ್ಲ. ಮೂವತ್ತು ವರ್ಷದಿಂದ ಕೂಗಿ ಕೂಗಿ, ಅಂಕಿ ಕಂಡ್ರೆ ಸಾಕು ಹೊನ್ನಯ್ಯನ ಬಾಯಿ ತಾನಾಗೇ..."

"ನಾನು ಕೊಬ್ಬರಿ ಅಲ್ಲ, ಚನ್ನೇಶ್ ಅವರೇ!"

ಆಟೋ ಹೊರಟಿತು. ಚನ್ನೇಶ್ ರಸ್ತೆಯಲ್ಲೇ ನಿಂತಿದ್ದ.

ಆ ವಾರವೆಲ್ಲ ಸಿರಿ ಅಳುತ್ತಲೇ ಹಳೇಬೀಡಿನ ಶಾಲೆಗೆ ಹೋಗಿ ಬಂದಳು. ಅಲ್ಲಿ ಅವಳು ಸಮಾಜ ಪಾಠದ ಟೀಚರು. ಇನ್ನು ಮಂಡಿಯ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಳು. ಆದರೆ ಭಾನುವಾರ ಬಂದೇ ಬಂತು. ಬೇರೆ ತಕ್ಕಡಿ ಎಲ್ಲಿದೆ?

ಹೋದಳು. ಬಾಗಿಲಲ್ಲೇ ಬೆರಗಾಗಿ ನಿಂತಳು.

ತಕ್ಕಡಿಯ ಸುತ್ತ ಮೂರು ಕಡೆ ನೀಲಿ ಟಾರ್ಪಾಲು ಕಟ್ಟಲಾಗಿತ್ತು. ಅಂಕಿ ತೋರಿಸುವ ಪೆಟ್ಟಿಗೆಯನ್ನು ಹಲಗೆಯ ಮೇಲೆ ನಿಂತವರಿಗೆ ಮಾತ್ರ ಕಾಣುವ ಹಾಗೆ ತಿರುಗಿಸಲಾಗಿತ್ತು.

"ಹೊನ್ನಯ್ಯ ಟೀ ಕುಡಿಯೋಕೆ ಹೋಗಿದಾನೆ. ನೀವು ಹತ್ತಿ, ನೋಡ್ಕೊಳ್ಳಿ, ಬರ್ಕೊಳ್ಳಿ. ನಾನು ಗೋಡೆ ನೋಡ್ತಿರ್ತೀನಿ," ಎಂದು ಚನ್ನೇಶ್ ಬೆನ್ನು ತಿರುಗಿಸಿ ನಿಂತ.

ಮೂರನೆಯ ವಾರ ಅವಳೇ ಕೇಳಿದಳು.

"ಗೋಡೆ ಮೇಲೆ ಅಂಥದ್ದೇನಿದೆ?"

"ಹೋದ ವರ್ಷದ ಕ್ಯಾಲೆಂಡರು. ಹಬ್ಬಗಳೆಲ್ಲ ಬಾಯಿಪಾಠ ಆಯ್ತು. ಇನ್ನು ರಾಹುಕಾಲ ಶುರು ಮಾಡ್ಬೇಕು."

ಸಿರಿ ನಕ್ಕಳು. ಎಷ್ಟು ದಿನಗಳಾಗಿದ್ದವೋ ನಕ್ಕು!

ಅಲ್ಲಿಂದ ಮುಂದೆ ಭಾನುವಾರದ ಆ ಹತ್ತು ನಿಮಿಷಕ್ಕೆ ಅವಳ ಮನಸ್ಸು ಸೋಮವಾರದಿಂದಲೇ ಕಾಯತೊಡಗಿತು. ಅವನ ಬೆನ್ನಿಗೆ ಅವಳು ಯಾರಿಗೂ ಹೇಳದ್ದನ್ನೆಲ್ಲ ಹೇಳಿದಳು. ಅನ್ನ, ಸಕ್ಕರೆ ಬಿಟ್ಟಿದ್ದು. ಶ್ವಾಸದ ವ್ಯಾಯಾಮಕ್ಕೆಂದು ವೈದ್ಯರು ಕೊಟ್ಟ ಪ್ಲಾಸ್ಟಿಕ್ ಸಾಧನದ ಮೂರು ಗುಂಡುಗಳನ್ನು ಉಸಿರೆಳೆದು ಮೇಲೇರಿಸಲು ಒದ್ದಾಡಿದ್ದು. ರಾತ್ರಿ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿದ್ದುದು.

"ಭಯ ಆಗಲ್ವಾ ನಿಮ್ಗೆ?"

"ಆಗುತ್ತೆ. ಅಮ್ಮ ಐವತ್ತಕ್ಕೇ ಹೋದ್ರು, ಸಕ್ಕರೆ ಕಾಯಿಲೇಲಿ. ನಂಗೆ ಮೂವತ್ತೆರಡಕ್ಕೇ ಶುರುವಾಗಿದೆ. ಚೆಂದ ಕಾಣ್ಬೇಕು ಅಂತಲ್ಲ ಇದು... ಬದುಕ್ಬೇಕು ಅನ್ಸಿದೆ. ಅಷ್ಟೇ."

ಚನ್ನೇಶನ ಕೈಬೆರಳುಗಳು ಗೋಡೆಯ ಸುಣ್ಣವನ್ನು ಕೆರೆಯುತ್ತಿದ್ದವು.

ಕಡೆಯ ಭಾನುವಾರ ನೂರಾ ಇಪ್ಪತ್ತಮೂರು ಬಂತು. ವೈದ್ಯರು ಕೇಳಿದ್ದಕ್ಕಿಂತ ಹೆಚ್ಚೇ ಇಳಿದಿದ್ದಳು.

"ಆಪರೇಷನ್ ಆದ್ಮೇಲೆ ಮನೆ ಮೆಷಿನ್ನೇ ಸಾಕಾಗುತ್ತೆ. ಇಲ್ಲಿಗೆ ಬರೋ ಕೆಲ್ಸ ಇರಲ್ಲ," ಎಂದಳು. 'ಬನ್ನಿ ಅನ್ನಿ... ಸುಮ್ಮನಾದರೂ ಬನ್ನಿ ಅನ್ನಿ!' ಎಂದು ಒಳಗೊಳಗೇ ಬೇಡಿದಳು.

"ಹೌದು," ಎಂದ ಚನ್ನೇಶ್. "ಹುಷಾರು."

ಅಷ್ಟೇ!

ಆಪರೇಷನ್ ಆಯಿತು. ಜಠರದ ಮುಕ್ಕಾಲು ಭಾಗವನ್ನು ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ಸಣ್ಣ ಚೀಲ ಮಾಡಿ ಹೊಲಿದಿದ್ದರು. "ನನ್ನ ಕೆಲಸ ಎರಡು ಗಂಟೇಲಿ ಮುಗೀತು. ನಿಮ್ಮ ಕೆಲಸ ಇವತ್ತಿಂದ ಜೀವಮಾನ ಪೂರ್ತಿ," ಎಂದರು ವೈದ್ಯರು.

ಮೊದಲ ದಿನ ನೀರನ್ನು ಔಷಧಿಯ ಮುಚ್ಚಳದಲ್ಲಿ ಕುಡಿದಳು. ಎರಡನೆಯ ವಾರ ನಾಲ್ಕು ಚಮಚ ಬೇಳೆಕಟ್ಟಿಗೇ ಹೊಟ್ಟೆ ತುಂಬಿತು. ಅವಳು ಚಮಚವನ್ನೇ ದಿಟ್ಟಿಸಿದಳು. ಇಷ್ಟೇನಾ? ಒಂದು ದೇಹ ಬದುಕಲು ಬೇಕಾದದ್ದು ಇಷ್ಟೇನಾ!

ಸುಲಭವಿರಲಿಲ್ಲ. ನಾಲ್ಕನೆಯ ತಿಂಗಳು ಬಾಚಣಿಗೆಯ ತುಂಬ ಕೂದಲು ಬಂತು. ತೋಳಿನ ಚರ್ಮ ಜೋತುಬಿತ್ತು. ಒಂದು ದಿನ ಮರೆತು ಜಾಮೂನು ತಿಂದವಳು ಸಿಹಿ ತಾಳದೆ ಬೆವರಿ, ನಡುಗಿ, ಶಾಲೆಯ ಬೆಂಚಿನ ಮೇಲೆ ಮಲಗಿಬಿಟ್ಟಳು. ಆಮೇಲೆ ಕಲಿತಳು. ಮೊದಲು ಪನೀರು, ಮೊಸರು, ಬೇಳೆ. ಜಾಗ ಉಳಿದರೆ ಅನ್ನ. ಊಟದ ಜೊತೆ ನೀರಿಲ್ಲ. ದಿನಾ ಮಾತ್ರೆ, ದಿನಾ ನಡಿಗೆ.

ಬೇಸಿಗೆ ಮುಗಿದು ಶಾಲೆ ತೆರೆದ ವಾರ ಮಕ್ಕಳನ್ನು ಹೊಯ್ಸಳೇಶ್ವರನ ಗುಡಿಗೆ ಕರೆದುಕೊಂಡು ಹೋದಳು. ಎಂಟು ವರ್ಷಗಳಿಂದ ಕರೆತರುತ್ತಿದ್ದಳು. ಆದರೆ ಯಾವಾಗಲೂ ಹುಲ್ಲಿನ ಮೇಲೆ ಕೂತು "ನೀವು ನೋಡ್ಕೊಂಡ್ ಬನ್ನಿ" ಎನ್ನುತ್ತಿದ್ದಳು.

ಅಂದು ಮೆಟ್ಟಿಲೇರಿದಳು. ಗೋಡೆಯ ಮೂಲೆ ಮೂಲೆಗೂ ತಿರುಗುತ್ತಾ, ಎಲ್ಲೂ ಕೂರದೆ, ಇಡೀ ಗುಡಿಯನ್ನು ಒಂದು ಸುತ್ತು ಬಂದಳು!

ಕೆಳಗಿನ ಸಾಲಿನಲ್ಲಿ ಆನೆಗಳು. ಸಾವಿರಕ್ಕೂ ಹೆಚ್ಚು. ಒಂದರಂತೆ ಇನ್ನೊಂದಿಲ್ಲ. ಅವುಗಳ ಮೇಲೆ ಸಿಂಹ, ಬಳ್ಳಿ, ಕುದುರೆ, ಕಥೆ, ದೇವರು... ಇಡೀ ಸೌಂದರ್ಯ ಆನೆಗಳ ಬೆನ್ನಿನ ಮೇಲೆ ನಿಂತಿತ್ತು.

ಬಾಲ್ಯದಿಂದ ಜನ ತನ್ನನ್ನು ಕರೆದ ಹೆಸರು ನೆನಪಾಯಿತು. ಆನೆ. ಅವಳು ಮೆಲ್ಲನೆ ಒಂದು ಕಲ್ಲಾನೆಯ ಹಣೆ ಮುಟ್ಟಿದಳು. 'ನನ್ನನ್ನು ಇಷ್ಟು ವರ್ಷ ಹೊತ್ತಿದ್ದು ನನ್ನದೇ ಮೈ. ನಾನು ಅದನ್ನು ಬೈದದ್ದೇ ಬೈದದ್ದು. ಅದು ಒಂದು ದಿನವೂ ನನ್ನನ್ನು ಕೆಳಗಿಳಿಸಲಿಲ್ಲ...' ಕಣ್ಣು ತುಂಬಿ ಬಂತು.

ಇದನ್ನು ಹೇಳಿಕೊಳ್ಳಬೇಕೆನಿಸಿದ್ದು ಒಬ್ಬನಿಗೇ. ಅವನಿಂದ ಒಂದು ಫೋನೂ ಬಂದಿರಲಿಲ್ಲ.

ಶ್ರಾವಣ ಬಂತು. ಆಪರೇಷನ್ನಿಗೆ ಹತ್ತು ತಿಂಗಳು. ತೂಕ ಎಂಬತ್ತೆರಡು. ಜಯದೇವಪ್ಪ ಸಂಭ್ರಮದಿಂದ ಮನೆಯೊಳಗೆ ಬಂದರು.

"ಮಗಳೇ, ಮಂಡಿ ಚನ್ನೇಶನ ಮನೆಯಿಂದ ಕೇಳಿದಾರೆ ಕಣಮ್ಮ! ಸೋಮವಾರ ಅವರ ಮನೇಲಿ ಅಯ್ಯನೋರ ಪೂಜೆ. ಪ್ರಸಾದಕ್ಕೆ ಬನ್ನಿ, ಹಂಗೇ ಮಾತಾಡೋಣ ಅಂದವ್ರೆ ಅವರಮ್ಮ."

ಸಿರಿಯ ಎದೆ ಹಾರಿತು. ಮರುಕ್ಷಣವೇ ತಣ್ಣಗಾಯಿತು.

'ನೂರಾ ಇಪ್ಪತ್ತರ ಮೇಲಿದ್ದಾಗ ಗೋಡೆ ನೋಡುತ್ತಿದ್ದವರು, ಈಗ ಎಂಬತ್ತೆರಡಾದ ಮೇಲೆ ಮುಖ ನೋಡಬೇಕೆನಿಸಿತೇ? ಆ ಟಾರ್ಪಾಲು ನನ್ನ ಮಾನಕ್ಕೋ, ಅವರ ಕಣ್ಣಿಗೋ?'

"ಬರ್ತೀನಿ ಅಪ್ಪಾಜಿ. ನಂಗೂ ಒಂದು ಪ್ರಶ್ನೆ ಕೇಳೋದಿದೆ."

"ಒಂದೇ ಮಾತು..." ತಂದೆ ದನಿ ತಗ್ಗಿಸಿದರು. "ಆಪರೇಷನ್ ವಿಷಯ ಆಯಮ್ಮನ ಮುಂದೆ ಎತ್ಬೇಡ. ಥೈರಾಯ್ಡ್ ಮಾತ್ರೆ ತಗೊಂಡು ಇಳಿದ್ಲು ಅಂದಿದೀನಿ. ಹೊಟ್ಟೆ ಕುಯ್ಸಿರೋ ಹುಡುಗಿ ಅಂದ್ರೆ ಯಾರು ಒಪ್ತಾರೆ ಹೇಳು?"

ಸೋಮವಾರ ಮಠದ ಅಯ್ಯನವರ ಪೂಜೆ ಮುಗಿಯಿತು. ಅವರು ಪ್ರಸಾದ ಸ್ವೀಕರಿಸಿ ಹೊರಟ ಮೇಲೆ ಮನೆಯವರು, ನೆಂಟರು ಸಾಲಾಗಿ ಕೂತರು. ಚನ್ನೇಶ್ ಬಡಿಸುತ್ತಿದ್ದ. ಸಿರಿಯ ಮುಂದೆ ಬಂದಾಗ ಅವಳ ತಟ್ಟೆಗೆ ಒಂದು ಚಮಚ ಪಲ್ಯ, ಒಂದು ಹಿಡಿ ಅನ್ನ ಬಡಿಸಿ ಮುಂದೆ ಹೋದ.

"ಇದೇನ್ ಬಡಿಸ್ತಾನೋ!" ಎಂದು ಹಿಂದೆಯೇ ಬಂದರು ಅವನ ತಾಯಿ ಮಹದೇವಮ್ಮ. ಎರಡು ಹೋಳಿಗೆ, ಮೇಲೆ ತುಪ್ಪ, ಪಾಯಸ, ಚಿತ್ರಾನ್ನ, ಇನ್ನೊಂದು ದೊಡ್ಡ ಸೌಟು ಅನ್ನ... "ತಿನ್ನವ್ವ, ಸಂಕೋಚ ಬೇಡ."

ಸಿರಿ ಅರ್ಧ ಬಟ್ಟಲಿನಷ್ಟು ತಿಂದಳು. ನಿಲ್ಲಿಸಿದಳು. ಸಾಲಿನಲ್ಲಿ ಎಲ್ಲರೂ ತಟ್ಟೆಯನ್ನು ಬೆರಳಿನಿಂದ ಬಳಿದು ಚೊಕ್ಕಟ ಮಾಡಿದ್ದರು. ಅವಳ ತಟ್ಟೆ ಮಾತ್ರ ತುಂಬಿಕೊಂಡೇ ಇತ್ತು.

"ಏನವ್ವ ಇದು? ನಮ್ಮ ಮನೇಲಿ ಒಂದಗುಳೂ ಬಿಡಲ್ಲ. ಪ್ರಸಾದ ಕಣವ್ವ, ಬಿಡಬಾರ್ದು!"

"ಈಗಿನ ಹುಡ್ಗೀರು ಡಯಟ್ಟು ಕಣಕ್ಕ," ಎಂದು ಕೊಂಕು ತೆಗೆದರು ಪಕ್ಕದಲ್ಲಿ ಕೂತಿದ್ದ ಚನ್ನೇಶನ ಚಿಕ್ಕಮ್ಮ ಕಮಲಾಕ್ಷಮ್ಮ. "ಸೊಂಟ ಮುಖ್ಯ, ಶಿವ ಆಮೇಲೆ!"

ಎದುರಿನ ಸಾಲಿನಿಂದ ಜಯದೇವಪ್ಪ ಕಣ್ಣಲ್ಲೇ ಬೇಡುತ್ತಿದ್ದರು. ತಿಂದುಬಿಡಮ್ಮ... ಇವತ್ತೊಂದು ದಿನ...

ಸಿರಿ ಹೋಳಿಗೆಯ ಚೂರೊಂದನ್ನು ಮುರಿದಳು. ಬೆರಳು ತುಟಿಯವರೆಗೆ ಬಂತು. ಇದನ್ನು ನುಂಗಿದರೆ ಇನ್ನೈದು ನಿಮಿಷಕ್ಕೆ ಬೆವರು, ನಡುಕ. ನುಂಗದಿದ್ದರೆ ಈ ಮನೆಯ ಬಾಗಿಲು ಮುಚ್ಚುತ್ತದೆ. ಇವತ್ತು ಸುಳ್ಳು ತಿಂದರೆ ನಾಳೆಯೂ ತಿನ್ನಬೇಕು. ದಿನಾ ತಿನ್ನಬೇಕು. ಬದುಕಬೇಕೆಂದು ತಾನೇ ಅಷ್ಟು ನೋವು ಪಟ್ಟದ್ದು?

ಚೂರನ್ನು ತಟ್ಟೆಗೆ ಇಟ್ಟಳು.

"ಅಮ್ಮ, ಇದು ಡಯಟ್ಟಲ್ಲ. ತೂಕ ಇಳಿಸೋಕೆ ಆಪರೇಷನ್ ಮಾಡಿಸ್ಕೊಂಡಿದೀನಿ. ಹೊಟ್ಟೇಲಿ ಮುಕ್ಕಾಲು ಭಾಗ ತೆಗೆದಿದಾರೆ. ಎರಡು ಗಂಟೆಗೊಂದ್ಸಲ ಅರ್ಧ ಬಟ್ಟಲು, ಅಷ್ಟೇ ಹಿಡಿಯೋದು. ಸಾಯೋವರೆಗೂ ಇಷ್ಟೇ. ಪ್ರಸಾದಕ್ಕೆ ಅವಮಾನ ಮಾಡ್ಬೇಕು ಅಂತ ಅಲ್ಲ... ನಂಗೆ ಆಗಲ್ಲ."

ಸಾಲಿನಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು.

"ಚನ್ನೇಶ, ನಿಂಗೆ ಗೊತ್ತಿತ್ತೇನೋ?" ಎಂದರು ಮಹದೇವಮ್ಮ.

ಚನ್ನೇಶ್ ಕೈಲಿದ್ದ ಸಾರಿನ ಪಾತ್ರೆಯನ್ನು ಕೆಳಗಿಟ್ಟ. ಸಿರಿಯ ಎದುರಿಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತ. ಅವಳ ತಟ್ಟೆಯನ್ನು ಎರಡೂ ಕೈಯಲ್ಲಿ ತನ್ನ ಕಡೆಗೆ ಎಳೆದುಕೊಂಡ.

ಅವಳು ಮುರಿದಿಟ್ಟ ಹೋಳಿಗೆಯ ಚೂರಿನಿಂದಲೇ ಶುರು ಮಾಡಿದ.

"ಅಯ್ಯೋ! ಹೆಣ್ಮಗಳ ಎಂಜಲು..." ಎಂದು ಕಮಲಾಕ್ಷಮ್ಮ ಬಾಯಿ ಮೇಲೆ ಕೈಯಿಟ್ಟರು.

"ಪ್ರಸಾದ ಚಿಕ್ಕಮ್ಮ. ಬಿಡಬಾರ್ದಲ್ಲ," ಎಂದ ಚನ್ನೇಶ್, ತಲೆ ಎತ್ತದೆ.

ಹೆಂಡತಿ ಗಂಡನ ತಟ್ಟೆಯಲ್ಲಿ ಉಣ್ಣುವುದನ್ನು ಸಿರಿ ಕಂಡಿದ್ದಳು. ಇಷ್ಟು ಜನರ ಮುಂದೆ ಗಂಡೊಬ್ಬ... ತುತ್ತು ತುತ್ತಾಗಿ ಅವಳ ಕೈಲಾಗದ್ದನ್ನು ತನ್ನದಾಗಿಸಿಕೊಳ್ಳುತ್ತಿದ್ದ!

ಆಗ ಮಹದೇವಮ್ಮನ ಮುಂದೆ ಜಯದೇವಪ್ಪನವರ ಕಟ್ಟೆ ಒಡೆಯಿತು.

"ತಪ್ಪೆಲ್ಲ ನಂದು ಕಣಮ್ಮ! ಆಪರೇಷನ್ ಹಿಂದಿನ ವಾರಾನೇ ಈ ಹುಡುಗ ನನ್ನ ಹತ್ರ ಬಂದಿದ್ದ. 'ಮದುವೆ ಮಾಡ್ಕೊಡಿ, ಆಸ್ಪತ್ರೇಲಿ ನಾನೇ ಜೊತೆಗಿರ್ತೀನಿ' ಅಂದ. ಕತ್ತಿಗೆ ಮೈ ಕೊಡೋ ಹುಡುಗಿ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇವನ ಬಾಳು ಹಾಳಾಗೋದು ಬೇಡ ಅಂತ ನಾನೇ ತಡೆದೆ. ಅವಳು ಪೂರ್ತಿ ಗುಣ ಆಗೋವರೆಗೂ ಮಾತಾಡ್ಸಬೇಡ ಅಂತ ಆಣೆ ಹಾಕಿಸ್ಕೊಂಡೆ."

ಹಿಂದಿನ ವಾರ! ನೂರಾ ಇಪ್ಪತ್ತಮೂರು ಕೆಜಿಯ, ಉಬ್ಬಸ ಪಡುತ್ತಿದ್ದ ಆ ಸಿರಿಯನ್ನು!

ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಬಂದವಳ ಹಿಂದೆ ಚನ್ನೇಶ್ ಬಂದ. ಎಳನೀರಿನ ಗೊನೆಗಳ ಪಕ್ಕದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು.

"ನಾನು ನಿಮ್ಮನ್ನ ಬೈಯೋಕೇ ಅಂತ ಬಂದಿದ್ದೆ," ಎಂದಳು. "ಸಣ್ಣ ಆದ್ಮೇಲೆ ಕೇಳ್ಕೊಂಡ್ ಬಂದ್ರು ಅಂದ್ಕೊಂಡಿದ್ದೆ."

"ಬೈಕೊಳ್ಳಿ. ಹತ್ತು ತಿಂಗ್ಳು ನಿಮ್ಮ ದನಿ ಕೇಳಿಲ್ಲ. ಬೈಗುಳ ಆದ್ರೂ ಪರವಾಗಿಲ್ಲ."

"ಮೈ ಜೋತುಬಿದ್ದಿದೆ. ಕೂದಲು ಅರ್ಧ ಹೋಗಿದೆ. ಮತ್ತೆ ತೂಕ ಬಂದ್ರೂ ಬರಬಹುದು. ಡಾಕ್ಟ್ರು ಮೊದಲೇ ಹೇಳಿದಾರೆ."

"ಬದುಕ್ಬೇಕು ಅಂದ್ರಲ್ಲ ಅವತ್ತು... ಆ ಮಾತು ಕೇಳಿದ ದಿನಾನೇ ನಾನು ಮುಗಿದ್ಹೋದೆ ಕಣ್ರೀ. ಅಷ್ಟು ಆಸೆಯಿಂದ ಬದುಕೋರ ಪಕ್ಕ ಇರ್ಬೇಕು ಅನ್ನಿಸ್ತು. ತೂಕದ ಮಾತೆಲ್ಲಿ ಬಂತು ಇದ್ರಲ್ಲಿ?"

ಬಾಗಿಲಲ್ಲಿ ಬಳೆಯ ಸದ್ದಾಯಿತು. ಮಹದೇವಮ್ಮ! ಕೈಯಲ್ಲಿ ಪುಟ್ಟ ಬೆಳ್ಳಿ ಬಟ್ಟಲು, ಅದರಲ್ಲಿ ನಾಲ್ಕು ಚಮಚ ಮೊಸರನ್ನ. ಅವರು ಸಿರಿಯನ್ನು ಗುಡಿಯ ವಿಗ್ರಹ ನೋಡುವಂತೆ ಅಡಿಯಿಂದ ಮುಡಿಯವರೆಗೆ ನೋಡಿದರು.

"ಇಷ್ಟೇ ಇಷ್ಟು ತಿಂದು ದಿನಾ ಹಳೇಬೀಡಿಗೆ ಹೋಗಿ ಪಾಠ ಮಾಡ್ತೀಯೇನವ್ವ? ನಿನ್ನೊಳಗೆ ಅದ್ಯಾವ ಶಿವ ಕೂತವ್ನೆ!" ಬಟ್ಟಲನ್ನು ಅವಳ ಕೈಗಿಟ್ಟರು. "ಎರಡು ಗಂಟೆಗೊಂದ್ಸಲ ಅಂದ್ಯಲ್ಲ, ಹೊತ್ತಾದಾಗ ತಿನ್ನು. ಆಗ್ದಿದ್ರೆ ಬಿಡು. ಮುಗಿಸೋಕೆ ಇವ್ನವ್ನೆ."

ಅವರು ಒಳಗೆ ಹೋದರು. ಇಬ್ಬರೂ ಎಷ್ಟೋ ಹೊತ್ತು ಅಲ್ಲೇ ಕೂತು ಮಾತಾಡಿದರು. ಕಲ್ಲಾನೆಯ ಹಣೆ ಮುಟ್ಟಿದ್ದನ್ನೂ ಹೇಳಿದಳು ಸಿರಿ. ಹೊತ್ತು ಇಳಿಯಿತು. ಅವಳು ಮೊದಲ ತುತ್ತನ್ನು ಬಾಯಿಗಿಟ್ಟಾಗ ಚನ್ನೇಶ್ ಮೆಲ್ಲನೆ ಕೇಳಿದ.

"ಬರ್ತೀರಾ ಸಿರಿ, ಈ ಮನೆಗೆ?"

ಸ್ವಲ್ಪ ತಡೆಯಿರಿ ಎಂಬಂತೆ ಅವಳು ಒಂದು ಬೆರಳೆತ್ತಿದಳು.

ಪ್ರತಿ ತುತ್ತನ್ನೂ ಇಪ್ಪತ್ತೈದು ಸಲ ಅಗಿಯಬೇಕೆಂಬುದು ವೈದ್ಯರ ಕಟ್ಟಪ್ಪಣೆ. ಅವಳು ಅಗಿದಳು. ನಿಧಾನವಾಗಿ, ಅವನ ಮುಖವನ್ನೇ ನೋಡುತ್ತಾ. ಚನ್ನೇಶ್ ಬೆವರಿದ. ಅಂಗಿಯ ಗುಂಡಿ ತಿರುವಿದ.

"ಇನ್ನೂ ಎಷ್ಟು?" ಎಂದ, ತಡೆಯಲಾರದೆ.

ಸಿರಿ ನುಂಗಿದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಬರ್ತೀನಿ. ಆದ್ರೆ ನನ್ನ ಊಟಕ್ಕೆ ತುಂಬ ಹೊತ್ತು ಹಿಡಿಯುತ್ತೆ ಕಣ್ರೀ."

"ಹಿಡೀಲಿ," ಎಂದ ಚನ್ನೇಶ್. "ನಂಗೇನೂ ಅರ್ಜೆಂಟಿಲ್ಲ."