ಸೋತ ವಾರದ ಬಾವುಟ

ಕಿಟಕಿ ಒಡೆದು ಒಳಬಂದ ಕಲ್ಲು ಜನೆಲ್ ಪ್ರೂಯಿಟ್‌ಳ ಹಣೆಗೆ ಬಡಿದಿತ್ತು. ಎಂಟು ಹೊಲಿಗೆ. ಭಾನುವಾರ ಬೆಳಗ್ಗೆ ಚರ್ಚಿಗೆ ಹೊರಟವಳು ಆಸ್ಪತ್ರೆ ಸೇರಿದಳು. ಅವಳು ಮಾಡಿದ ತಪ್ಪು ಒಂದೇ, ಅಮೆರಿಕನ್ ಫುಟ್‌ಬಾಲ್ ಕೋಚ್‌ನ ಹೆಂಡತಿಯಾಗಿದ್ದು.

ಪೊಲೀಸ್ ಅಧಿಕಾರಿ ಒಡೆಸ್ಸಾ ಗೇನ್ಸ್ ಅಂಗಳಕ್ಕೆ ಬಂದಳು. ಹುಲ್ಲಿನ ನಡುವೆ ಯಾರೋ ‘ಮನೆ ಮಾರಾಟಕ್ಕಿದೆ’ ಎಂಬ ಹಲಗೆ ನೆಟ್ಟಿದ್ದರು. ಅಲಬಾಮಾದ ಈ ಕಾಲೇಜು ಊರಿನಲ್ಲಿ ಕೋಚ್‌ನನ್ನು ಓಡಿಸುವ ಹಳೆಯ ಪದ್ಧತಿ ಅದು.

ಮೂರು ದಿನದಿಂದ ಊರ ತುಂಬ ಒಂದೇ ಸುದ್ದಿ. ಕೋಚ್ ವೆಂಡೆಲ್ ಪ್ರೂಯಿಟ್ ತಂಡವನ್ನು ನಡುನೀರಿನಲ್ಲಿ ಬಿಟ್ಟು ದೊಡ್ಡ ವಿಶ್ವವಿದ್ಯಾಲಯಕ್ಕೆ ಹಾರುತ್ತಾನೆ! ಸಾಕ್ಷಿಗೆ ಅಭಿಮಾನಿಗಳ ವೆಬ್‌ಸೈಟಿನಲ್ಲಿ ಒಂದು ಫೋಟೋ. ವಿಮಾನದ ಮೆಟ್ಟಿಲ ಮೇಲಿಂದ ತೆಗೆದದ್ದು. ಕೆಳಗೆ ತನ್ನ ಪಿಕಪ್ ಗಾಡಿಯ ಪಕ್ಕದಲ್ಲಿ ನಗುತ್ತ ನಿಂತ ಕೋಚ್. ‘ಈ ಬುಧವಾರ ಸಂಜೆ, ಆ ವಿಶ್ವವಿದ್ಯಾಲಯದ ವಿಮಾನ ಬಂದಾಗ’ ಎಂದು ಬರೆದಿತ್ತು. ಹಾಕಿದವರ ಹೆಸರಿರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಹೆಸರು ಯಾಕೆ ಬೇಕು?

“ನೀವೂ ನಂಬಿದ್ರಾ ಮೇಡಂ?” ಕೋಚ್ ಕೇಳಿದ.

ಒಡೆಸ್ಸಾ ತಲೆ ತಗ್ಗಿಸಿದಳು. ನಂಬಿದ್ದಳು. ಗುರುವಾರ ಅವನಿಗೆ ಹಿಡಿಶಾಪವನ್ನೂ ಹಾಕಿದ್ದಳು.

ಹಲಗೆ ಕಿತ್ತು ತಿರುಗಿಸಿದಳು. ಹಿಂದೆ ಕ್ಷೌರದಂಗಡಿಯ ದರಪಟ್ಟಿ!

* * *

“ಲೋ ಲೆಸ್ಟರ್, ಕಟಿಂಗಿಗೆ ಹದಿನೆಂಟು ಡಾಲರ್, ಗಡ್ಡಕ್ಕೆ ಹತ್ತು. ಕಲ್ಲೇಟಿಗೆ ಎಷ್ಟೋ?”

ಕ್ಷೌರಿಕ ಲೆಸ್ಟರ್ ಒಡೆಸ್ಸಾ ಜೊತೆ ಶಾಲೆ ಕಲಿತವನು. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ. “ಕಿಟಕಿಗೆ ಅಂತ ಎಸೆದೆ ಕಣೆ. ಆಯಮ್ಮ ನಿಂತಿದ್ದು ಕಾಣ್ಲಿಲ್ಲ, ದೇವರಾಣೆ. ಫೋಟೋ ನೋಡಿ ತಲೆ ಕೆಟ್ಟೋಗಿತ್ತು.”

“ನಾಚಿಕೆ ಆಗ್ಬೇಕು ನಿಂಗೆ! ಕೇಸು ಹಾಕದೆ ಬಿಡಲ್ಲ. ಫೋಟೋ ಹಾಕಿದ್ದು ಯಾರು?”

“ಇನ್ಯಾರು, ಅಸಿಸ್ಟೆಂಟ್ ಕೋಚ್ ಡಾರ್ನೆಲ್. ಆ ಕುರ್ಚಿ ಮೇಲೆ ಅವನಿಗೆ ಮೊದಲಿಂದ್ಲೂ ಕಣ್ಣು.”

ಆದರೆ ಬುಧವಾರ ಸಂಜೆ ಡಾರ್ನೆಲ್ ಚರ್ಚಿನ ಅಡುಗೆಮನೆಯಲ್ಲಿ ಮೀನು ಕರಿಯುತ್ತಿದ್ದ. ಒಡೆಸ್ಸಾಳ ತಟ್ಟೆಗೂ ಅವನೇ ಬಡಿಸಿದ್ದ.

ಕಾರಿನಲ್ಲಿ ಕೂತು ಮತ್ತೆ ಫೋಟೋ ತೆಗೆದಳು. ಹಿಗ್ಗಿಸಿ ನೋಡಿದಳು. ಪಿಕಪ್ಪಿನ ಕಿಟಕಿಯ ಮೇಲೆ ತಂಡದ ಪುಟ್ಟ ಬಾವುಟ.

ತಲೆ ಎತ್ತಿ ಬೀದಿ ನೋಡಿದಳು. ಒಂದು ಮನೆಯ ಮೇಲೂ, ಒಂದು ಗಾಡಿಯ ಮೇಲೂ ಬಾವುಟವಿಲ್ಲ. ಸೋತರೆ ಇಳಿಸಬೇಕು, ಮತ್ತೆ ಗೆದ್ದಾಗಲೇ ಏರಿಸಬೇಕು. ಅಜ್ಜಂದಿರ ಕಾಲದ ನೇಮ. ತಂಡ ಕಳೆದ ಎರಡು ಶನಿವಾರ ಒಂದರ ಹಿಂದೊಂದು ಸೋತಿತ್ತು. ಹಾಗಾದರೆ ನಡುವಿನ ಬುಧವಾರ ಕೋಚ್‌ನ ಗಾಡಿಗೆ ಬಾವುಟ ಎಲ್ಲಿಂದ ಬಂತು?

ಇಡೀ ಊರು ಆ ಫೋಟೋ ನೋಡಿತ್ತು. ಸಿಟ್ಟಿನಲ್ಲಿ ಎಲ್ಲರ ಕಣ್ಣೂ ಕುರುಡಾಗಿತ್ತು. ತನ್ನ ಕಣ್ಣು ಕೂಡ! ಒಡೆಸ್ಸಾ ಕಾರು ತಿರುಗಿಸಿ ಕೋಚ್ ಮನೆಗೆ ಹೊರಟಳು.

* * *

“ಏರ್‌ಫೀಲ್ಡಿಗೆ ಈ ವರ್ಷ ಎಷ್ಟು ಬಾರಿ ಹೋಗಿದ್ರಿ, ಕೋಚ್?”

“ಒಂದೇ ಬಾರಿ. ಸೆಪ್ಟೆಂಬರ್‌ನಲ್ಲಿ, ಇನ್ನೂ ಗೆಲ್ತಾ ಇದ್ದಾಗ. ರಾಯ್ಸ್ ಹ್ಯಾಚರ್ ಅಟ್ಲಾಂಟಾದಿಂದ ಸ್ವಂತ ವಿಮಾನದಲ್ಲಿ ಬಂದಾಗ ಕರ್ಕೊಂಡು ಬರೋಕೆ. ಮೆಟ್ಟಿಲ ಮೇಲೆ ನಿಂತು ಅವರೇ ಒಂದು ಫೋಟೋ ತೆಗೆದ್ರು.”

ರಾಯ್ಸ್ ಅಭಿಮಾನಿ ಸಂಘದ ಅಧ್ಯಕ್ಷ. ತಂಡಕ್ಕೆ ಕೈಬಿಚ್ಚಿ ಕೊಡುವ ಕುಳ.

“ನಿಮಗೂ ಅವರಿಗೂ ಏನಾದ್ರೂ ಜಗಳ?”

“ನಮ್ಮ ತಂಡದ ಹುಡುಗ ಮಾರ್ಲನ್‌ಗೆ ತಲೆಗೆ ಏಟಾಗಿತ್ತು. ಈ ವರ್ಷ ಆಡಿಸಲೇಬೇಡಿ ಅಂದ್ರು ಡಾಕ್ಟರು. ಆಡಿಸು ಅಂದ್ರು ರಾಯ್ಸ್. ಹುಡುಗನ ತಲೆ ಹೋದ್ರೆ ನೀವು ತಂದುಕೊಡ್ತೀರಾ ಅಂದೆ.”

* * *

ಸೋಮವಾರ ಅಭಿಮಾನಿ ಸಂಘದ ಊಟ. ಇನ್ನೂರು ಜನ. ಕರಿದ ಕೋಳಿ, ಐಸ್ ಹಾಕಿದ ಸಿಹಿ ಚಹಾ. ಒಡೆಸ್ಸಾ ನೇರ ರಾಯ್ಸ್ ಮುಂದೆ ನಿಂತಳು.

“ಹೊರಗೆ ನಿಮ್ಮ ಕಾರಿನ ಮೇಲೆ ಬಾವುಟ ಇದೆ ಸಾರ್. ಎರಡು ಸೋಲಾದ್ರೂ!”

“ಇದ್ರೆ ಏನಮ್ಮ?”

ಸಭೆಯಲ್ಲಿ ಗುಸುಗುಸು ಎದ್ದಿತು.

“ಈ ಊರಲ್ಲಿ ಬಾಳೋರು ಇಳಿಸ್ತಾರೆ. ನೀವು ಮ್ಯಾಚಿಗೆ ಬಂದು ಹೋಗೋರು, ಅದಕ್ಕೇ ಫೋಟೋದಲ್ಲಿ ಬಾವುಟ ಕಂಡ್ರೂ ಸಿಕ್ಕಿಬೀಳ್ತೀನಿ ಅಂತ ಹೊಳೀಲಿಲ್ಲ. ಇದು ಸೆಪ್ಟೆಂಬರಿಂದು. ತೆಗೆದಿದ್ದು ನೀವು. ಕೋಚ್‌ನ ನೀವೇ ತೆಗೆದುಹಾಕಿದ್ರೆ ಯಾಕೆ ಅಂತ ಊರು ಕೇಳುತ್ತೆ, ಮಾರ್ಲನ್ ತಲೆ ವಿಷಯ ಹೊರಗೆ ಬರುತ್ತೆ. ಅವರೇ ಓಡಿಹೋದ್ರೆ? ದ್ರೋಹಿ ಅಂತ ಬೈದು ಸುಮ್ಮನಾಗ್ತಾರೆ.”

ರಾಯ್ಸ್ ಮುಖ ಕೆಂಪಾಯಿತು. “ಹೌದು, ಹಾಕಿದೆ! ಒಬ್ಬ ಹುಡುಗನ ತಲೆನೋವಿಗೆ ಇಡೀ ಸೀಸನ್ ಹಾಳಾಗ್ಬೇಕಾ? ಕಲ್ಲು ನಾನು ಎಸೆದ್ನಾ?”

“ಇಲ್ಲ ಸಾರ್. ಎಸೆಯೋ ಕೈಗೆ ಕೊಟ್ರಿ. ಏಳಿ, ಠಾಣೆಗೆ.”

ಒಬ್ಬನೂ ಅವನ ಪರ ಉಸಿರೆತ್ತಲಿಲ್ಲ. ಕೋಚ್‌ನ ಪರವೂ ಇವರು ಎತ್ತಿರಲಿಲ್ಲ, ಅದು ಬೇರೆ ಮಾತು.

* * *

ಮಂಗಳವಾರ ಊರಿನವರು ಮನೆಯಲ್ಲಿ ಬೇಯಿಸಿದ ಹಣ್ಣಿನ ಪೈ ಹೊತ್ತು ಕ್ಷಮೆ ಕೇಳಲು ಬಂದರು. ಜನೆಲ್ ಬಾಗಿಲು ತೆಗೆಯಲಿಲ್ಲ. ಕೋಚ್ ಪೆಟ್ಟಿಗೆಗಳನ್ನು ಪಿಕಪ್ಪಿಗೆ ಏರಿಸುತ್ತಿದ್ದ.

“ಎಲ್ಲಿಗೆ, ಕೋಚ್?” ಒಡೆಸ್ಸಾ ಕೇಳಿದಳು.

“ಜನೆಲ್ ತಂಗಿ ಮನೆಗೆ. ಕೆಲಸ ಎಲ್ಲೂ ಇಲ್ಲ ಮೇಡಂ. ನನ್ನನ್ನ ಯಾರೂ ಕರೆದೇ ಇರಲಿಲ್ಲವಲ್ಲ.”

ಒಡೆಸ್ಸಾ ಅಲ್ಲಿಂದ ನೇರ ಮಾರ್ಲನ್‌ನ ತಾಯಿ ಬರ್ನೀಸ್ ಮನೆಗೆ ಹೋದಳು.

“ಬರೋ ಶನಿವಾರ ನಿನ್ನ ಮಗನ್ನ ಆಡಿಸಿದ್ರೂ ಆಡಿಸ್ತಾರೆ ಬರ್ನೀಸ್. ಬೇಡ ಅನ್ನೋ ಒಬ್ಬ ಮನುಷ್ಯ ಇದ್ದ. ಅವನನ್ನ ನಾವೇ ಓಡಿಸಿದ್ವಿ.”

ಬರ್ನೀಸ್ ಒಲೆ ಆರಿಸಿದಳು. ಚಪ್ಪಲಿ ಮೆಟ್ಟಿದಳು.

“ನಡಿ ಮೈದಾನಕ್ಕೆ. ಮಗನ ಆಟದ ಹೆಲ್ಮೆಟ್ ಮನೆಗೆ ತಂದುಬಿಡೋಣ.”