ಬಲಗಡೆಯ ಡ್ರಮ್

"ಏನ್ರೀ ಫರ್ಗಸ್, ನೀವು ಅಂಗಡಿ ಇಟ್ಟಿರೋದು ಬ್ರೇಕ್ ಮಾರೋಕಾ, ಇಲ್ಲಾ ದಿನಾ ನನ್ನ ಮುಖ ನೋಡೋಕಾ?"

ನೈರಿ ಬ್ರೇಕ್ ಶೂಗಳನ್ನು ಕೌಂಟರಿನ ಮೇಲೆ ಧಡ್ಡೆಂದು ಇಟ್ಟಳು. ಗೋರ್ ಊರಿನ ಹಳೇ ಗಾಡಿಗಳ ಗುಜರಿ ಫರ್ಗಸ್‌ನದು. ಅವನ ಕಿವಿ ಕೆಂಪಾಯಿತು. ಅವಳ ಎರಡನೇ ಮಾತು ಪೂರ್ತಿ ಸುಳ್ಳೇನಲ್ಲವಲ್ಲ!

"ಇದೂ ಕೂರಲಿಲ್ವಾ?"

"ಎಡಗಡೆ ಕೂರುತ್ತೆ, ಬಲಗಡೆ ಕೂರಲ್ಲ. ಹೋದ ಸಲದ್ದು ಬಲಕ್ಕೆ ಕೂತು ಎಡಕ್ಕೆ ಕೈ ಕೊಡ್ತು. ಭಾನುವಾರ ಗುಡ್ಡದ ರೇಸ್ ಇದೆ ಕಣ್ರೀ!"

ಅವಳದು ತಾತನ ಕಾಲದ ಕಾರು. ಅದಕ್ಕೆ ದೊಡ್ಡ ಎಂಜಿನ್ ಹಾಕಿದ ಮೇಲೆ ಹಿಂದಿನ ಆಕ್ಸಲ್ ತಡೆಯಲಾರದೆ ಮುರಿದಿತ್ತು. ಯಾವುದೋ ಪಿಕಪ್ಪಿನ ಆಕ್ಸಲ್ ತಂದು ಕೂರಿಸಿದ್ದಳು. ಅಂದಿನಿಂದ ಬ್ರೇಕ್ ಒತ್ತಿದರೆ ಸಾಕು, ಕಾರು ಎಡಕ್ಕೆ ಎಳೆಯುತ್ತಿತ್ತು. ಹೋದ ವರ್ಷದ ರೇಸಿನಲ್ಲಿ ಗಿರಗಿರನೆ ತಿರುಗಿ, ಬೇಲಿಯ ಹತ್ತಿರ ಹೋಗಿ ನಿಂತಿತ್ತು.

"ನಡೀರಿ," ಎಂದ ಫರ್ಗಸ್. "ಎರಡೂ ಕಡೆ ಬಿಚ್ಚಿ ನೋಡೋಣ."

ಅವಳ ಶೆಡ್ಡಿನಲ್ಲಿ ಹಿಂದಿನ ಚಕ್ರಗಳಿಂದ ಬಿಚ್ಚಿದ, ಶೂಗಳು ಒಳಗಿಂದ ಒತ್ತುವ ಬಟ್ಟಲಿನಂಥ ಎರಡು ಡ್ರಮ್‌ಗಳನ್ನೂ ಅಕ್ಕಪಕ್ಕ ಇಟ್ಟು ಇಬ್ಬರೂ ಬಗ್ಗಿದರು. ಅವಳ ಕೆನ್ನೆಗೆ ಗ್ರೀಸ್ ಅಂಟಿತ್ತು. ಫರ್ಗಸ್ ಡ್ರಮ್ಮನ್ನು ಬಿಟ್ಟು ಅದನ್ನೇ ನೋಡುತ್ತಿದ್ದ.

"ಅಲ್ಲಲ್ಲ, ಇಲ್ನೋಡ್ರೀ!" ನೈರಿ ಅಳತೆ ಹಿಡಿದಳು. "ಎಡಗಡೆಯದು ಅಗಲ, ಶೂ ತಳ್ಳೋ ಸಿಲಿಂಡರೂ ದೊಡ್ಡದು. ಯಾರೋ ಪುಣ್ಯಾತ್ಮ ಎರಡು ಗಾಡಿಗಳ ಸಾಮಾನು ಸೇರಿಸಿ ಒಂದು ಆಕ್ಸಲ್ ಮಾಡಿದ್ದಾನೆ!"

"ಹಾಗಾದ್ರೆ ನಾನು ಕೊಟ್ಟಿದ್ದು ಎರಡು ಸಲವೂ ಸರೀನೇ."

"ಅರ್ಧ ಸರಿ," ಎಂದು ಅವಳು ನಕ್ಕಳು. ಮರುಕ್ಷಣ ಮುಖ ಬಾಡಿತು. "ಎಡಕ್ಕೆ ಜೋಡಿಯಾಗೋ ಬಲಗಡೆ ಸೆಟ್ ಈಗ ಎಲ್ಲಿ ಹುಡುಕ್ಲಿ?"

ಫರ್ಗಸ್ ಕೈ ಒರೆಸಿಕೊಂಡು ಎದ್ದು ಹೋದ.

ಮರುದಿನ ಬೆಳಿಗ್ಗೆ ಡ್ರಮ್, ಶೂ, ಸಿಲಿಂಡರ್, ಅವನ್ನು ಕೂರಿಸುವ ತಟ್ಟೆ ಎಲ್ಲವನ್ನೂ ಗೋಣಿಚೀಲದಲ್ಲಿ ಹೊತ್ತು ತಂದ. ನೈರಿ ಅಳೆದು ನೋಡಿದಳು. ಎಲ್ಲವೂ ಕರಾರುವಾಕ್ಕು.

"ಎಲ್ಲಿತ್ತು ಇದು?"

"ನನ್ನ ಗಾಡೀಲಿ."

"ನಿಮಗೇನು ಹುಚ್ಚಾ? ಭಾನುವಾರ ನೀವೂ ಓಡಿಸ್ಬೇಕಲ್ವಾ?"

"ಹೋದ ವರ್ಷ ನಿಮ್ಮ ಕಾರು ತಿರುಗಿದಾಗ ನನ್ನ ಜೀವ ಬಾಯಿಗೆ ಬಂದಿತ್ತು, ನೈರಿ. ಇನ್ನೊಂದು ಸಲ ಅದನ್ನ ನೋಡೋ ಶಕ್ತಿ ನನಗಿಲ್ಲ."

ಅವಳು ಸ್ಪ್ಯಾನರ್ ಕೆಳಗಿಟ್ಟಳು.

"ಒಂದು ಷರತ್ತು. ಹೇಗೂ ಒಬ್ಬೊಬ್ಬರಾಗಿ ಹತ್ತಿ ಟೈಮ್ ನೋಡೋ ರೇಸ್ ತಾನೆ, ನನ್ನ ಕಾರನ್ನ ಇಬ್ಬರೂ ಓಡಿಸೋಣ. ಮೊದಲು ನಾನು, ಆಮೇಲೆ ನೀನು."

"ನೀನು?"

"ಹೂಂ, ನೀನೇ. ಏನೀಗ?"

ಭಾನುವಾರ ನೈರಿ ಗುಡ್ಡವನ್ನು ಗುಂಡಿನಂತೆ ಏರಿದಳು. ಕೊನೆಯ ತಿರುವಿಗೆ ಮುನ್ನ ಬ್ರೇಕ್ ಒತ್ತಿದಳು. ಕಾರು ಒಂದಿಷ್ಟೂ ಅಲುಗದೆ, ಹಳಿಯ ಮೇಲಿನ ರೈಲಿನ ಹಾಗೆ ನೆಟ್ಟಗೆ ಸಾಗಿತು. ಅಂದು ಅವಳಷ್ಟು ಬೇಗ ಯಾರೂ ಮೇಲೆ ತಲುಪಲಿಲ್ಲ. ಅದೇ ಕಾರಿನಲ್ಲಿ ಹತ್ತಿದ ಫರ್ಗಸ್ ಕೂಡ ಕೂದಲೆಳೆಯ ಅಂತರದಲ್ಲಿ ಹಿಂದೆ ಬಿದ್ದ.

ಅವನು ಕಾರಿನಿಂದ ಇಳಿಯುವುದನ್ನೇ ಕಾಯುತ್ತಿದ್ದವಳು ಓಡಿ ಬಂದಳು. "ಸೋತೆಯಲ್ಲೋ!"

"ಸೋತು ಎಷ್ಟೋ ಕಾಲ ಆಯ್ತು. ನಿನಗೆ ಗೊತ್ತಾಗಿದ್ದು ಇವತ್ತು."

"ಆ ಹೆಲ್ಮೆಟ್ ತೆಗಿಯೋ ಮಾರಾಯ, ಮುತ್ತು ಕೊಡೋಕೆ ಅಡ್ಡ ಬರುತ್ತೆ!"

ಮೈಕಿನಲ್ಲಿ ಮೊದಲ ಬಹುಮಾನಕ್ಕೆ ನೈರಿಯ ಹೆಸರು ಕೂಗಿದರು. ಮತ್ತೆ ಕೂಗಿದರು. ಮೂರನೇ ಸಲ ಕೂಗಿದಾಗ ಇಬ್ಬರೂ ಕೈ ಹಿಡಿದುಕೊಂಡೇ ವೇದಿಕೆ ಹತ್ತಿದರು.